ಇಳಿಯಬೇಕಾದದ್ದು ತೂಕ, ನಾನಲ್ಲ

ಬಸವಕಲ್ಯಾಣದಿಂದ ಹುಮನಾಬಾದಿಗೆ ಓಡಾಡುವ ಬಸ್ಸಿನಲ್ಲಿ ನಾನು ಕಂಡಕ್ಟರ್. ದಿನವಿಡೀ ನನ್ನ ಬಾಯಲ್ಲಿ ಹೊರಳುವುದು ಎರಡೇ ಮಾತು: ‘ಹತ್ರಿ’ ಮತ್ತು ‘ಇಳೀರಿ’. ಎರಡನೆಯ ಮಾತನ್ನು ಯಾರಾದರೂ ನನಗೇ ಹೇಳಬಹುದೆಂದು ನಾನು ಎಂದೂ ಅಂದುಕೊಂಡಿರಲಿಲ್ಲ.

ವರ್ಷಕ್ಕೊಮ್ಮೆ ನಮಗೆಲ್ಲ ಆರೋಗ್ಯ ತಪಾಸಣೆ ನಡೆಯುತ್ತದೆ. ಆ ಸಲ ನಾನು ತೂಕದ ಯಂತ್ರದ ಮೇಲೆ ನಿಂತಾಗ ಮುಳ್ಳು ಕೊನೆಯವರೆಗೂ ಹೋಗಿ ಅಲ್ಲೇ ನಡುಗುತ್ತ ನಿಂತಿತು. ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಡ್ರೈವರ್ ಒಬ್ಬ, “ಇವ್ರನ್ನ ಹಳ್ಳಿಖೇಡ ಸಕ್ರಿ ಫ್ಯಾಕ್ಟರಿಗೆ ಒಯ್ರಿ, ಅಲ್ಲಿ ಕಬ್ಬಿನ ಟ್ರ್ಯಾಕ್ಟರ್ ತೂಗೋ ಕಾಟಾ ಅದ,” ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದಿದ್ದರೆ ಅದಕ್ಕಿಂತ ಕೆಟ್ಟ ಮಾತು ಬರುತ್ತದೆ ಎಂಬುದು ದಪ್ಪಗಿರುವವರಿಗೆ ಚಿಕ್ಕಂದಿನಿಂದಲೇ ಗೊತ್ತಿರುತ್ತದೆ.

ಡಿಪೋದ ಸಾಹೇಬರು ನಗಲಿಲ್ಲ. ನನ್ನನ್ನು ಒಳಗೆ ಕರೆದು, ದನಿ ತಗ್ಗಿಸಿ ಹೇಳಿದರು: “ನೋಡವ್ವಾ, ತೂಕ ಇಳಸ್ರಿ. ಮುಂದಿನ ತಪಾಸಣಿ ತನಕ ಇಳೀಲಿಲ್ಲಂದ್ರ ನೀವ ಬಸ್ ಇಳೀಬೇಕಾಗ್ತದ. ಒಳಗ ಕೌಂಟರಿನ್ಯಾಗ ಕುಂದ್ರಸ್ತೀವಿ. ಕುರ್ಚಿ, ಫ್ಯಾನು. ನಿಮಗೂ ಆರಾಮ.”

ಆರಾಮವಂತೆ! ಮೈಯೆಲ್ಲ ಉರಿದುಹೋಯಿತು. ಆ ಕೌಂಟರು ನನಗೆ ಗೊತ್ತು. ಅಲ್ಲಿ ಕೂತವರ ಕೈ ಮಾತ್ರ ಕಿಟಕಿಯಿಂದ ಹೊರಗೆ ಕಾಣುತ್ತದೆ. ಬಸ್ಸಿನಲ್ಲಾದರೆ ನಾನೊಬ್ಬಳು ಮನುಷ್ಯಳು. ಚಿಟಗುಪ್ಪದ ಸಂತೆಗೆ ಹೊರಟ ಹೆಂಗಸರು, ಕಬ್ಬು ಕಡಿಯಲು ಹೊರಟವರು, ಕಾಲೇಜಿನ ಹುಡುಗಿಯರು ಎಲ್ಲರೂ ನನ್ನ ಕೂಗಿಗೆ ಹತ್ತುತ್ತಾರೆ, ನಾನು ಸೀಟಿ ಊದಿದರೆ ಬಸ್ಸು ನಿಲ್ಲುತ್ತದೆ. ದಪ್ಪಗಿರುವ ಹೆಂಗಸನ್ನು ಕಿಟಕಿಯ ಹಿಂದೆ ಕೂರಿಸಿಬಿಟ್ಟರೆ ಎಲ್ಲರಿಗೂ ಆರಾಮ, ಅವಳೊಬ್ಬಳನ್ನು ಬಿಟ್ಟು.

ಆದರೆ ಸಾಹೇಬರು ಹೇಳಿದ್ದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಹೆಂಗಸರಿಗೆ ಟಿಕೆಟ್ ಬಿಟ್ಟಿಯಾದ ಮೇಲೆ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಜನರ ನಡುವೆ ಅಡ್ಡಡ್ಡ ತೂರಿಕೊಂಡು ಕೊನೆಯ ಸೀಟು ಮುಟ್ಟುವಷ್ಟರಲ್ಲಿ ನನಗೆ ಏದುಸಿರು. ಮೊಣಕಾಲು ಮೆಟ್ಟಿಲು ಹತ್ತುವಾಗಲೆಲ್ಲ ಕಟಕಟ ಎನ್ನುತ್ತಿತ್ತು. ಕೆಲವೊಮ್ಮೆ ಅರ್ಧ ದಾರಿಗೇ ನಿಂತು, “ಹಿಂದಿನವ್ರು ಕೈ ಚಾಚ್ರಿ,” ಎನ್ನುತ್ತಿದ್ದೆ. ತೂಕ ಇಳಿಸಲೇಬೇಕಿತ್ತು. ಸಾಹೇಬರಿಗಾಗಿ ಅಲ್ಲ, ಬಸ್ಸಿಗಾಗಿ.

ನಮ್ಮ ಕಡೆ ತೂಕ ಇಳಿಸುವುದು ಎಂದರೆ ಎಲ್ಲರಿಗೂ ಹೊಳೆಯುವುದು ಒಂದೇ ದಾರಿ: ಉಪಾಸ. ಸೋಮವಾರ ಹೇಗೂ ಮಾಡುತ್ತಿದ್ದೆ, ಅದಕ್ಕೆ ಗುರುವಾರ ಸೇರಿಸಿದೆ, ಆಮೇಲೆ ಶನಿವಾರವನ್ನೂ. ಹೊರಗಿನವರು ಉಪಾಸ ಎಂದರೆ ಹೊಟ್ಟೆ ಖಾಲಿ ಎಂದುಕೊಳ್ಳಬಹುದು. ಮರಾಠಿ ಸೀಮೆಗೆ ಅಂಟಿಕೊಂಡ ನಮ್ಮಲ್ಲಿ ಹಾಗಲ್ಲ. ರೊಟ್ಟಿ, ಅನ್ನ, ಬೇಳೆ ಮುಟ್ಟಬಾರದು, ಅಷ್ಟೇ. ತುಪ್ಪದಲ್ಲಿ ಹುರಿದ ಸಾಬುದಾಣಿ ಖಿಚಡಿ ನಡೆಯುತ್ತದೆ, ಅದರ ಮೇಲೆ ಹಿಡಿಗಟ್ಟಲೆ ಶೇಂಗಾ ಪುಡಿ ನಡೆಯುತ್ತದೆ, ಆಲೂಗಡ್ಡೆ ಚಿಪ್ಸು, ಪೇಢಾ, ಬಾಳೆಹಣ್ಣು ಎಲ್ಲ ನಡೆಯುತ್ತದೆ. ದೇವರಿಗೆ ಒಪ್ಪಿಗೆಯಾದರೆ ಹೊಟ್ಟೆಗೂ ಒಪ್ಪಿಗೆ ಎಂದುಕೊಂಡು ವಾರಕ್ಕೆ ಮೂರು ದಿನ ಭಕ್ತಿಯಿಂದ ತಿಂದೆ. ತೂಕ ಇಳಿಯುವುದಿರಲಿ, ಖಾಕಿ ಅಂಗಿಯ ಗುಂಡಿ ಹಾಕುವುದೇ ಕಷ್ಟವಾಯಿತು.

ಆಗ ಸಿಟ್ಟು ನೆತ್ತಿಗೇರಿ ನಿಜವಾದ ಉಪವಾಸಕ್ಕೆ ಕೂತೆ. ಉಪಾಸದ ದಿನ ಬೆಳಿಗ್ಗೆ ಲಿಂಬೆಹಣ್ಣಿನ ನೀರು, ಮಧ್ಯಾಹ್ನ ಮತ್ತೆ ಅದೇ, ಸಂಜೆಗೆ ಒಂದು ಸೌತೆಕಾಯಿ. ಮೊದಮೊದಲು ಮೈ ಹಗುರಾದಂತೆ ಅನ್ನಿಸಿತು. ಡ್ಯೂಟಿಯಲ್ಲಿ ಯಾರಾದರೂ ಮಿರ್ಚಿ ಭಜ್ಜಿಯ ಪೊಟ್ಟಣ ಬಿಚ್ಚಿದರೆ ಅಳು ಬರುತ್ತಿತ್ತು. ಒಂದು ಮಧ್ಯಾಹ್ನ ಸಸ್ತಾಪುರ ಬಂಗ್ಲಾ ಸ್ಟಾಪಿನ ಹತ್ತಿರ ಕಣ್ಣಿಗೆ ಕತ್ತಲೆ ಕವಿಯಿತು. ಟಿಕೆಟ್ ಯಂತ್ರದ ಗುಂಡಿಗಳು ಒಂದರೊಳಗೊಂದು ಕಲಸಿಕೊಂಡವು. ಹುಮನಾಬಾದಿಗೆ ಹೊರಟ ಮುದುಕನೊಬ್ಬನಿಗೆ ಅವನು ಹತ್ತಿದ ಊರಿಗೇ ಟಿಕೆಟ್ ಹರಿದುಕೊಟ್ಟು, ಬಾಗಿಲ ಮೆಟ್ಟಿಲ ಮೇಲೆ ಕುಸಿದು ಕೂತೆ.

ಅಂದು ನನ್ನ ಜೊತೆಗಿದ್ದ ಡ್ರೈವರ್ ಒಳ್ಳೆಯ ಮನುಷ್ಯ. ಹುಮನಾಬಾದ್ ಮುಟ್ಟಿದ ಮೇಲೆ ನನ್ನನ್ನು ಆಟೋದಲ್ಲಿ ಕೂರಿಸಿ ಒಬ್ಬ ಡಾಕ್ಟರಮ್ಮನ ಹತ್ತಿರ ಕಳಿಸಿದ. ಆಕೆ ಕಡ್ಡಿಯಂತೆ ತೆಳ್ಳಗಿದ್ದಳು. ನೋಡಿದ ಕೂಡಲೇ ನನಗೆ ಕೋಪ ಬಂತು. ಈಗ ಬೈಗುಳ ಶುರುವಾಗುತ್ತದೆ ಎಂದು ಹಲ್ಲು ಕಚ್ಚಿ ಕೂತೆ. ಆಕೆ ಬೈಯಲಿಲ್ಲ. ರಕ್ತ ಪರೀಕ್ಷೆಗೆ ಬರೆದುಕೊಟ್ಟಳು, ಮೊಣಕಾಲು ಒತ್ತಿ ನೋಡಿದಳು, ನನ್ನ ಉಪಾಸದ ಸಂಗತಿಯನ್ನೆಲ್ಲ ತಿಳಿದುಕೊಂಡಳು, ಆಮೇಲೆ ಕೇಳಿದಳು:

“ಉಪಾಸದ ಮರುದಿನ ಹ್ಯಾಂಗ ಉಣ್ತೀರಿ?”

ಯಾರೂ ನನ್ನನ್ನು ಹೀಗೆ ಕೇಳಿರಲಿಲ್ಲ. ಮರುದಿನ ನಾನು ಉಣ್ಣುತ್ತಿರಲಿಲ್ಲ, ಮುಕ್ಕುತ್ತಿದ್ದೆ. ಅದೂ ಕದ್ದು. ಅಡುಗೆಮನೆಯಲ್ಲಿ ನಿಂತೇ, ಡಬ್ಬಿಯಿಂದ ನೇರವಾಗಿ ಬಾಯಿಗೆ. ತಲೆ ತಗ್ಗಿಸಿ ಇಷ್ಟನ್ನೂ ಹೇಳಿದೆ.

“ಅದು ನಿಮ್ಮ ಹುಚ್ಚಲ್ಲ, ಹಸಿವಿ. ಹಸಿದ ಮೈ ಹಂಗ ಮಾಡ್ತದ,” ಎಂದಳು ಡಾಕ್ಟರಮ್ಮ. “ಇವತ್ತಿಂದ ಮೂರೂ ಹೊತ್ತು ಉಣ್ರಿ. ಕುಂತು ಉಣ್ರಿ. ತಾಟಿನ್ಯಾಗ ಪಲ್ಯೆ, ಬ್ಯಾಳಿ ಹೆಚ್ಚಿರಲಿ. ಸಕ್ರಿ ಚಾ ಬಿಡ್ರಿ. ದಿನಾ ಒಂದಿಷ್ಟು ನಡೀರಿ. ಜಲ್ದಿ ಇಳೀಬೇಕಂತ ಗಡಿಬಿಡಿ ಮಾಡಬ್ಯಾಡ್ರಿ. ಇಷ್ಟ ವರ್ಷದಾಗ ಏರಿದ್ದು ಒಂದ ತಿಂಗಳದಾಗ ಹ್ಯಾಂಗ ಇಳೀತದ?”

ಉಣ್ಣು ಎಂದು ಹೇಳಿಸಿಕೊಳ್ಳುವುದಕ್ಕೆ ಹುಮನಾಬಾದಿನವರೆಗೆ ಹೋಗಬೇಕಾಯಿತು. ವಾಪಸು ಬರುವಾಗ ಕಣ್ಣು ಒದ್ದೆಯಾಗಿದ್ದವು, ನಾಚಿಕೆಯಿಂದಲ್ಲ.

ಮಧ್ಯಾಹ್ನದ ಡಬ್ಬಿ ನಾನೇ ಕಟ್ಟಿಕೊಳ್ಳುತ್ತಿದ್ದೆ, ಅದು ನನ್ನ ಕೈಯಲ್ಲಿತ್ತು. ತೊಡಕಿದ್ದದ್ದು ರಾತ್ರಿಯ ತಾಟಿನಲ್ಲಿ. ನಮ್ಮದು ಶರಣರ ದಾರಿ ಹಿಡಿದ ಮನೆ. ತಾಟಿಗೆ ಬಿದ್ದದ್ದು ಊಟವಲ್ಲ, ಪ್ರಸಾದ. ಒಂದಗುಳೂ ಬಿಡುವಂತಿಲ್ಲ. ಉಂಡ ಮೇಲೆ ತಾಟಿಗೆ ನೀರು ಹಾಕಿ ಬೆರಳಿಂದ ತೊಳೆದು ಆ ನೀರನ್ನೂ ಕುಡಿಯಬೇಕು. ಈ ರೂಢಿಯ ಮೇಲೆ ನನಗೆ ತಕರಾರಿಲ್ಲ, ಅನ್ನ ಚೆಲ್ಲುವವರನ್ನು ಕಂಡರೆ ನನಗೂ ಆಗುವುದಿಲ್ಲ. ಆದರೆ ಡ್ಯೂಟಿ ಮುಗಿಸಿ ಬರುವ ನನಗೆ ಬಡಿಸುತ್ತಿದ್ದವಳು ಅತ್ತೆ. ಅವಳು ಬಡಿಸಿದ್ದೆಲ್ಲ ಪ್ರಸಾದ. ಅಂದರೆ ನನ್ನ ಹೊಟ್ಟೆಯ ಅಳತೆ ಅವಳ ಸೌಟಿನಲ್ಲಿತ್ತು. ನಾನು ಸಾಕು ಎನ್ನುವ ಮೊದಲೇ ರೊಟ್ಟಿ ಬಿದ್ದಿರುತ್ತಿತ್ತು, ಬಿದ್ದ ಮೇಲೆ ಮುಗಿಸಲೇಬೇಕು.

ಅಂದು ರಾತ್ರಿ ನಾನು ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದೆ.

“ಯಾಕ? ಇನ್ನೊಂದ ಹಾಕಾಕತ್ತೇನಿ,” ಎಂದಳು ಅತ್ತೆ.

“ಬ್ಯಾಡ್ರಿ ಅತ್ತಿ. ಬಿದ್ದದ್ದು ನಾ ಬಿಡಂಗಿಲ್ಲ. ಖರೆ, ಎಷ್ಟು ಬೀಳಬೇಕಂತ ನಾನ ಹೇಳ್ತೀನಿ. ನಾಳಿಯಿಂದ ನಾನ ನೀಡಿಕೋತೀನಿ.”

ಅವಳ ಕೈಯ ರೊಟ್ಟಿ ಕೈಯಲ್ಲೇ ಉಳಿಯಿತು. ಆಮೇಲೆ ಅವಳು ನನ್ನ ಜೊತೆ ಮಾತು ಬಿಟ್ಟಳು. “ಸೊಸಿ ನನ್ನ ಕೈಲಿಂದ ಉಣ್ಣಂಗಿಲ್ಲಂತ,” ಎಂದು ಓಣಿಯ ತುಂಬ ಹೇಳಿಕೊಂಡು ತಿರುಗಿದಳು. ಓಣಿಯವಳೊಬ್ಬಳು ಬಂದು, ಅತ್ತೆಯ ಕೈಯ ಅನ್ನ ತಳ್ಳಿದರೆ ಪಾಪ ತಟ್ಟುತ್ತದೆ ಎಂದಳು. ತಟ್ಟಲಿ ಎಂದೆ. ನನ್ನ ಗಂಡ ಇಬ್ಬರ ನಡುವೆ ಸಿಕ್ಕಿ ಪಿಳಿಪಿಳಿ ಕಣ್ಣು ಬಿಡುತ್ತ ಉಂಡೆದ್ದು ಹೋಗುತ್ತಿದ್ದ.

ನಾನು ನೀಡಿಕೊಳ್ಳಲು ಶುರುಮಾಡಿದ ಮೇಲೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಅತ್ತೆ ಎಲ್ಲರದ್ದೂ ಆದ ಮೇಲೆ ಒಬ್ಬಳೇ, ಮಿಕ್ಕ ಮುರುಕು ರೊಟ್ಟಿಗೆ ಖಾರಪುಡಿ ಹಚ್ಚಿಕೊಂಡು ಉಣ್ಣುತ್ತಿದ್ದಳು. ಮೊದಲೆಲ್ಲ ಪಲ್ಯೆ ನನಗೆ ಬಡಿಸುವುದರಲ್ಲೇ ಖಾಲಿಯಾಗಿರುತ್ತಿತ್ತು, ಅದೇ ರೂಢಿ ಅವಳಿಗೆ ಉಳಿದಿತ್ತು. ಇಷ್ಟು ವರ್ಷ ಒಂದೇ ಮನೆಯಲ್ಲಿ ಒಬ್ಬಳು ಹೆಚ್ಚು ಉಂಡು, ಒಬ್ಬಳು ಕಮ್ಮಿ ಉಂಡು ಬದುಕಿದ್ದೆವು. ಮರುದಿನ ಅವಳಿಗೂ ತಾಟು ಹಾಕಿ, ಪಾತ್ರೆಗಳನ್ನು ನಡುವೆ ಇಟ್ಟು, ನೀವು ಕೂರದಿದ್ದರೆ ನಾನೂ ಉಣ್ಣುವುದಿಲ್ಲ ಎಂದೆ. ಬಹಳ ಹೊತ್ತು ಗೊಣಗಿದಳು. ಕೊನೆಗೆ ಕೂತಳು. ಎರಡನೇ ತುತ್ತಿಗೆ, “ಪಲ್ಯೆಗ ಉಪ್ಪು ಕಮ್ಮಿ ಅದ,” ಎಂದಳು. ಅಲ್ಲಿಗೆ ರಾಜಿಯಾಯಿತು.

ಹೊರಗಿನ ಜನದ ಜೊತೆ ರಾಜಿಯಾಗಲಿಲ್ಲ. ಅವರಿಗೆ ದಪ್ಪಗಿರುವವಳು ಉಪವಾಸವಿದ್ದರೆ ಗೌರವ, ಉಂಡರೆ ಕಣ್ಣು ಕೆಂಪು. ಹುಮನಾಬಾದ್ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ನಾನು ಡಬ್ಬಿ ಬಿಚ್ಚಿದರೆ ಸಾಕು. ಜೋಳದ ರೊಟ್ಟಿ, ಹೆಸರುಕಾಳು, ಮೆಂತ್ಯೆ ಪಲ್ಯೆ, ಮೊಸರು. “ಇಷ್ಟೂ ನೀವ ಉಣ್ತೀರೇನ್ರಿ ಅಕ್ಕಾ?” ಎಂದು ಒಬ್ಬರು, “ಇನ್ನಾ ಉಣ್ಣಾಕತ್ತಾಳ ನೋಡು,” ಎಂದು ಇನ್ನೊಬ್ಬರು. ಮೊದಲಾಗಿದ್ದರೆ ಡಬ್ಬಿ ಮುಚ್ಚಿ, ಆಮೇಲೆ ಯಾರೂ ಇಲ್ಲದಾಗ ಬಿಸ್ಕೀಟಿನ ಪೊಟ್ಟಣ ಖಾಲಿ ಮಾಡುತ್ತಿದ್ದೆ. ಈಗ ನಿಧಾನವಾಗಿ, ಅವರ ಮುಖ ನೋಡುತ್ತಲೇ ಅಗಿದು ಉಂಡೆ. ನೋಡಲಿ. ನನ್ನ ಬಾಯಿಗೆ ಅವರ ಪರವಾನಗಿ ಬೇಕಿಲ್ಲ.

ಚಹಾ ಬಿಡುವುದು ರೊಟ್ಟಿಗಿಂತ ಕಷ್ಟವಾಯಿತು. ನಮ್ಮ ದಾರಿಯಲ್ಲಿ ಪ್ರತಿ ಟ್ರಿಪ್ಪಿಗೂ ಚಹಾ, ಪ್ರತಿ ಚಹಾಕ್ಕೂ ಪಾಕದಷ್ಟು ಸಕ್ಕರೆ. ಕಬ್ಬು ಬೆಳೆಯುವ ಸೀಮೆಯಲ್ಲಿ ಸಕ್ಕರೆ ಬೇಡವೆಂದರೆ ಹೋಟೆಲಿನವನು ತಬಿಯತ್ ಸರಿ ಇಲ್ಲವೇ ಎಂದು ಕೇಳುತ್ತಾನೆ. ಬರಾಬರ್ ಇದೆ, ನೀನು ಸಕ್ಕರೆ ಬಿಟ್ಟು ಕೊಡು ಎಂದೆ. ಬಸ್ಸು ನಿಂತಿರುವಷ್ಟು ಹೊತ್ತು ಸ್ಟ್ಯಾಂಡಿನ ಸುತ್ತ ನಡೆದೆ. ಕಬ್ಬಿನ ಸುಗ್ಗಿಯಲ್ಲಿ ಟ್ರ್ಯಾಕ್ಟರುಗಳು ಅಡ್ಡ ನಿಂತು ರಸ್ತೆ ಕಟ್ಟಿದಾಗ ಎಲ್ಲರೂ ಶಾಪ ಹಾಕುತ್ತಿದ್ದರೆ ನಾನು ಇಳಿದು ಬಸ್ಸಿನ ಪಕ್ಕದಲ್ಲೇ ಅತ್ತಿಂದಿತ್ತ ನಡೆಯುತ್ತಿದ್ದೆ. ಹುಡುಗರು ಶಿಳ್ಳೆ ಹಾಕಿದರು. ಕೆಲವು ದಿನಗಳಲ್ಲಿ ಅವರಿಗೇ ಬೇಸರ ಬಂತು, ನನಗೆ ಬರಲಿಲ್ಲ.

ತೂಕ ಇಳಿಯಿತೇ? ಇಳಿಯಿತು, ಆದರೆ ತನಗೆ ತೋಚಿದ ಹಾಗೆ. ಒಂದು ತಿಂಗಳು ಇಳಿದು ಎರಡು ತಿಂಗಳು ಅಲ್ಲೇ ಕೂತಿತು. ನಾಗರಪಂಚಮಿಗೆ ಉಂಡಿ ತಿಂದೆ, ಹಬ್ಬಕ್ಕೆ ಶೇಂಗಾ ಹೋಳಿಗೆ ತಿಂದೆ, ಮರುದಿನ ಪ್ರಾಯಶ್ಚಿತ್ತಕ್ಕೆ ಉಪವಾಸ ಮಾಡಲಿಲ್ಲ, ಎಂದಿನಂತೆ ಮೂರು ಹೊತ್ತು ಉಂಡೆ. ಇಷ್ಟೇ ಏನು ಎಂದು ಡಾಕ್ಟರಮ್ಮನ ಮುಂದೆ ಸಿಡುಕಿದಾಗ, “ಮೊಣಕಾಲು ಏನಂತದ?” ಎಂದು ಕೇಳಿದಳು. ಆಗಲೇ ನೆನಪಾದದ್ದು, ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯುವುದನ್ನು ನಾನು ಎಂದೋ ಬಿಟ್ಟಿದ್ದೆ. ಕೊನೆಯ ಸೀಟಿನ ಮುದುಕಿಯ ಗಂಟನ್ನು ನಾನೇ ಎತ್ತಿ ಕೊಡುತ್ತಿದ್ದೆ.

ಮುಂದಿನ ತಪಾಸಣೆ ಬಂತು. ಈ ಸಲ ಮುಳ್ಳು ಕೊನೆ ಮುಟ್ಟಲಿಲ್ಲ. ಆದರೆ ಸಾಹೇಬರು ಕಾಗದ ನೋಡಿ ತುಟಿ ಒತ್ತಿದರು.

“ಇಳದೀರಿ ಹೌದು. ಖರೆ ಇನ್ನಾ ಭಾಳ ಅದ. ಕೌಂಟರಿಗೆ ಬರೆಯೋಣ?”

ವರ್ಷವಿಡೀ ಮಾಡಿದ್ದೆಲ್ಲ ಆ ಒಂದು ಕಾಗದದಲ್ಲಿ ಮುಳುಗಿಹೋಗುತ್ತದೆ ಎನ್ನಿಸಿತು. ಅಳು ಬಂತು, ಅದರ ಹಿಂದೆಯೇ ಸಿಟ್ಟು ಬಂತು, ಸಿಟ್ಟು ಮುಂದೆ ಬಂದು ನಿಂತಿತು.

“ಸಾಹೇಬ್ರ, ಕಾಗದ ನೋಡಬ್ಯಾಡ್ರಿ. ನನ್ನ ಕೆಲಸ ನೋಡ್ರಿ. ಈಗ ಹೊಂಟಿರೋ ಗಾಡಿ ಹತ್ರಿ. ಹುಮನಾಬಾದ ಮುಟ್ಟೋದ್ರಾಗ ಒಬ್ಬರದ ಟಿಕೆಟ್ ಉಳದ್ರೂ ನಾನ ಹೋಗಿ ಕುರ್ಚಿ ಮ್ಯಾಲ ಕೂಡ್ತೀನಿ.”

ಏನನ್ನಿಸಿತೋ, ಹತ್ತಿದರು. ಅಂದು ಸಂತೆಯ ದಿನ. ರಾಜೇಶ್ವರ ಊರು ಬರುವಷ್ಟರಲ್ಲಿ ಉಸಿರಾಡಲು ಜಾಗವಿರಲಿಲ್ಲ. ನಾನು ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ಹೋದೆ. ಜನ ಸರಿದರು, ನಾನೂ ಸರಿದೆ. ಗಂಟುಗಳನ್ನು ಎತ್ತಿಟ್ಟೆ, ಇಬ್ಬರ ಜಗಳ ಬಿಡಿಸಿದೆ, ಬಾಗಿಲಿಗೆ ಜೋತುಬಿದ್ದವರನ್ನು ಒಳಗೆಳೆದೆ. ಸಾಹೇಬರು ಕಂಬಿ ಹಿಡಿದು ಬೆವರು ಒರೆಸಿಕೊಳ್ಳುತ್ತ ನಿಂತಿದ್ದರು. ಹುಮನಾಬಾದ್ ಬಂದಾಗ ಟಿಕೆಟ್ ಇಲ್ಲದವರು ಒಬ್ಬರೂ ಇರಲಿಲ್ಲ.

ಸಾಹೇಬರು ಕೆಳಗಿಳಿದು ಅಂಗಿಯ ಸುಕ್ಕು ಜಾಡಿಸಿಕೊಂಡು, “ಆತು, ಗಾಡಿ ಮ್ಯಾಲ ಇರ್ರಿ,” ಎಂದರು. ಹಿತೈಷಿಯ ದನಿಯಲ್ಲಿ ಸೇರಿಸಿದರು: “ಖರೆ ಇನ್ನಾ ಇಳಸಬೇಕ್ರಿ. ಬೇಕಂದ್ರ ಒಂದ ಹೊತ್ತಿನ ಊಟ ಬಿಡ್ರಿ.”

ನಾನು ಬೆಂಚಿನ ಮೇಲೆ ಕೂತು ಡಬ್ಬಿ ಬಿಚ್ಚಿದೆ. ಮಧ್ಯಾಹ್ನದ ಊಟದ ಹೊತ್ತಾಗಿತ್ತು. “ಬರ್ರಿ ಸಾಹೇಬ್ರ, ಉಣ್ಣೋಣ,” ಎಂದು ಒಂದು ರೊಟ್ಟಿ ಅವರತ್ತ ಚಾಚಿದೆ. ಅವರು ಬೇಡವೆಂದು ತಲೆಯಾಡಿಸಿದರು. ಆ ರೊಟ್ಟಿಯನ್ನೂ ನಾನೇ, ಅವರ ಕಣ್ಣೆದುರಿಗೇ ಉಂಡೆ.