ಅತ್ತೆ ಕೊಟ್ಟ ಹಾಲು, ನನ್ನ ಹೊಟ್ಟೆ

ಮೊನ್ನೆ ಬಾಗಲಗುಂಟೆಯ ಗೃಹಪ್ರವೇಶವೊಂದರಲ್ಲಿ ಊಟ ಮುಗಿಸಿ ಬಸ್ಸು ಹತ್ತಿದ್ದೆ. ಕಾಲೇಜು ಹುಡುಗಿಯೊಬ್ಬಳು ನನ್ನ ಹೊಟ್ಟೆಯನ್ನೊಮ್ಮೆ ನೋಡಿ ಎದ್ದು ನಿಂತು, "ಕೂತ್ಕೊಳ್ಳಿ ಆಂಟಿ, ಹುಷಾರು" ಅಂದಳು. ನನಗೆ ನಲವತ್ತಾರು. ಹೊಟ್ಟೆಯಲ್ಲಿದ್ದದ್ದು ಎರಡು ಬಟ್ಟಲು ಶಾವಿಗೆ ಪಾಯಸ. ಹಾಲು ಒಗ್ಗುವುದಿಲ್ಲವೆಂದು ಗೊತ್ತಿದ್ದೂ ಪಾಯಸ ಕಂಡರೆ ನನ್ನ ಬುದ್ಧಿ ಕೈಕೊಡುತ್ತದೆ. ಹುಡುಗಿಯನ್ನು ತಿದ್ದಲು ಹೋಗದೆ ಕೂತುಬಿಟ್ಟೆ. ಆ ಬಸ್ಸಿನಲ್ಲಿ ಸಿಕ್ಕಿದ ಸೀಟು ಬಿಡುವವರು ಯಾರಿದ್ದಾರೆ, ನೀವೇ ಹೇಳಿ.

ಯಶವಂತಪುರದ ನಮ್ಮ ತವರಿನಲ್ಲಿ ಹಾಲೆಂದರೆ ಕಾಫಿಯ ಬಣ್ಣ ಬದಲಿಸುವ ವಸ್ತು, ಅಷ್ಟೇ. ಹಾಗಾಗಿ ಅದು ನನಗೆ ಆಗುವುದಿಲ್ಲವೆಂದು ಮದುವೆಯಾಗಿ ಅಟ್ಟೂರಿಗೆ ಬರುವವರೆಗೆ ನನಗೇ ತಿಳಿದಿರಲಿಲ್ಲ. ಗಂಡನ ಮನೆಯವರ ಹೊಲಗಳೆಲ್ಲ ಲೇಔಟಾಗಿ ಹೋಗಿದ್ದರೂ ಅತ್ತೆ ಹಿತ್ತಲಲ್ಲಿ ಎರಡು ಹಸು ಉಳಿಸಿಕೊಂಡಿದ್ದರು. ಊಟವಾದ ಮೇಲೆ ಲೋಟದ ತುಂಬ ಹಾಲು ತಂದು, "ಕುಡಿ ಕಣಮ್ಮ, ನಮ್ಮನೆ ಆಲು" ಎನ್ನುತ್ತಿದ್ದರು. ಸ್ವಲ್ಪ ಹೊತ್ತಿಗೆಲ್ಲ ಹೊಟ್ಟೆ ಉಬ್ಬಿ, ಗುಡುಗುಡು ಸದ್ದು ಮಾಡಿ, ಸೀರೆ ಬಿಗಿಯಾಗುತ್ತಿತ್ತು. ಹೊಸ ಸೊಸೆ ತನಗೆ ಗ್ಯಾಸು ಎಂದು ಯಾವ ಬಾಯಲ್ಲಿ ಹೇಳಿಯಾಳು? ಸೆರಗು ಮುಂದಕ್ಕೆ ಎಳೆದುಕೊಂಡು ಓಡಾಡುತ್ತಿದ್ದೆ.

ಆ ಸೆರಗೇ ಎಡವಟ್ಟು ಮಾಡಿತು. ಅತ್ತೆ ಅದರ ಹಿಂದೆ ಮೊಮ್ಮಗುವನ್ನು ಕಂಡರು. ಮೂರು ತಿಂಗಳು ತುಂಬುವ ಮೊದಲು ಬಸುರಿನ ಮಾತೆತ್ತಿದರೆ ದೃಷ್ಟಿಯಾಗುತ್ತದೆ ಎಂಬುದು ಆ ಮನೆಯ ನಂಬಿಕೆ. ಸೊಸೆಯ ಹತ್ತಿರ ತಿಂಗಳ ಲೆಕ್ಕ ಕೇಳುವ ಪೈಕಿಯವರೂ ಅವರಲ್ಲ. ಹಾಗಾಗಿ ಬಾಯಿಬಿಡದೆ ಬೆಳಗ್ಗೆಗೂ ಒಂದು ಲೋಟ ಸೇರಿಸಿದರು, ಅದಕ್ಕೆ ಕೇಸರಿ ಹಾಕಿದರು. ಹಾಲು ಹೆಚ್ಚಿದಷ್ಟೂ ನನ್ನ ಹೊಟ್ಟೆ ಹೆಚ್ಚಿತು, ಹೊಟ್ಟೆ ಹೆಚ್ಚಿದಷ್ಟೂ ಅವರ ಆಸೆ. ಬಿಂದಿಗೆ ಎತ್ತಲೂ ಬಿಡುತ್ತಿರಲಿಲ್ಲ. ನಾನು ತವರಿಗೆ ಹೋದಾಗಲೆಲ್ಲ ಎಂಥ ಅತ್ತೆ ಸಿಕ್ಕಿದ್ದಾರೆ ಎಂದು ಜಂಬ ಕೊಚ್ಚಿಕೊಂಡು ಬರುತ್ತಿದ್ದೆ.

ಅಮೃತಹಳ್ಳಿಯಲ್ಲಿ ಅತ್ತೆಯ ತಂಗಿಯ ಮನೆಗೆ ಹೋಗಿದ್ದಾಗ ಆ ಚಿಕ್ಕತ್ತೆ ನನ್ನನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದರು: "ಎಷ್ಟ್ ತಿಂಗ್ಳಮ್ಮ? ನಮ್ಮಕ್ಕ ಆಗ್ಲೇ ಅಟ್ಟದಿಂದ ತೊಟ್ಲು ಇಳ್ಸವ್ಳೆ."

ಮರುದಿನವೇ ಯಲಹಂಕದ ಡಾಕ್ಟರಮ್ಮನ ಬಳಿ ಓಡಿದೆ. ಅವರು ಪರೀಕ್ಷೆ ಮಾಡಿ, ಊಟ ತಿಂಡಿಯನ್ನೆಲ್ಲ ವಿಚಾರಿಸಿ, "ಬಸುರೇನಿಲ್ಲ. ಹಾಲು ಜೀರ್ಣ ಆಗ್ತಿಲ್ಲ ಅನ್ಸತ್ತೆ, ಸ್ವಲ್ಪ ದಿನ ಬಿಟ್ಟು ನೋಡಿ" ಅಂದರು. ಹಾಲು ಬಿಡುವುದೇನೋ ಸುಲಭ. ತೊಟ್ಟಿಲು ಇಳಿಸಿಟ್ಟವರಿಗೆ ಹೇಳುವುದು ಹೇಗೆ?

ಅತ್ತೆ ಕೊಟ್ಟಿಗೆಯಲ್ಲಿದ್ದರು. "ಅತ್ತೆ, ನೀವು ಅಂದ್ಕೊಂಡಿರೋದು ಅಲ್ಲ ಇದು. ನಂಗೆ ಹಾಲು ಆಗಲ್ವಂತೆ. ಕುಡಿದಾಗೆಲ್ಲ ಹೊಟ್ಟೆ ಉಬ್ಬತ್ತೆ" ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಅವರು ಹಸುವಿನ ಬೆನ್ನು ಸವರುತ್ತ ನಿಂತೇ ಇದ್ದರು. ಬೈಗುಳಕ್ಕೂ ಅಳುವಿಗೂ ನಾನು ತಯಾರಾಗಿದ್ದೆ.

"ಅಂಗಾರೆ ಇಷ್ಟ್ ದಿನಾನೂ ನಿಂಗೆ ಒಟ್ಟೆ ನೋಯ್ತಿತ್ತಾ?" ಅಂದರು.

ಮಗುವಿನ ಸುದ್ದಿಯನ್ನೇ ಎತ್ತಲಿಲ್ಲ. ಅತ್ತದ್ದು ನಾನು.

ನಮಗೆ ಮಕ್ಕಳಾಗಲಿಲ್ಲ. ಆ ದಿನಗಳ ಮಾತನ್ನು ಅತ್ತೆಯೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎತ್ತಿದರೆ ಅವರಿಗೆ ನೋವಾಗುತ್ತದೆಂದು ನಾನು, ನನಗೆ ನೋವಾಗುತ್ತದೆಂದು ಅವರು.

ಮೊನ್ನೆ ಮನೆಗೆ ಬಂದವಳಿಗೆ ಅದೇನನಿಸಿತೋ, ಬಸ್ಸಿನ ಹುಡುಗಿಯ ಕಥೆಯನ್ನು ಹೇಳಿಯೇಬಿಟ್ಟೆ. ಪಾಯಸ ತಿಂದದ್ದಕ್ಕೆ ಅತ್ತೆ ಮೊದಲು ಚೆನ್ನಾಗಿ ಬೈದರು. ಓಂಕಾಳಿನ ನೀರು ಕಾಯಿಸಿ ತಂದು ಪಕ್ಕದಲ್ಲಿ ಕೂತರು. ನಾನು ಕುಡಿಯುವುದನ್ನೇ ನೋಡುತ್ತಿದ್ದು, ಮೆಲ್ಲಗೆ ನಕ್ಕರು.

"ಅವಾಗ ನೀನು ನಂಗೂ ಅಂಗೇ ಕಂಡಿದ್ದೆ ಕಣಮ್ಮ," ಅಂದರು. "ಬಲೇ ಚೆಂದಾಗ್ ಕಾಣ್ತಿದ್ದೆ."