ಚೆನ್ನು ನಿಂತಲ್ಲಿ ಬೊಳ್ಳ

ಕೋಡಿಂಬಾಳದ ಚೆನ್ನುವಿಗೆ ಮನುಷ್ಯರನ್ನು ಕಂಡರೆ ಆಗುತ್ತಿರಲಿಲ್ಲ. ಮನುಷ್ಯರಿಗೂ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಅಲ್ಲಿಗೆ ಸರಿಗೆ ಸರಿ. ಆದರೆ ಸಾಕಿದ ನಾಯಿ ಯಾರನ್ನಾದರೂ ಕಚ್ಚಿದ ದಿನ ಎಲ್ಲರಿಗೂ ಅವಳ ಅಂಗಳದ ದಾರಿ ನೆನಪಾಗುತ್ತಿತ್ತು. ನಾಯಿಯನ್ನು ಸಂಕೋಲೆಯಲ್ಲಿ ಎಳೆದು ತಂದವರಿಗೆ ಅವಳು ಮೊದಲು ಹೊಟ್ಟೆ ತುಂಬ ಬೈಯುತ್ತಿದ್ದಳು. ಆಮೇಲೆ ಸಂಕೋಲೆ ಬಿಚ್ಚಿ ದನದ ಹಟ್ಟಿಯ ಮೂಲೆಗೆ ಬಿಸಾಡುತ್ತಿದ್ದಳು.

“ಕಟ್ಟಿ ಹಾಕಿದ್ರೆ ಅದು ಎಂತ ಕಲಿಯುದು? ನಿಮ್ಮನ್ನು ಕಟ್ಟಿದ್ರೆ ನೀವೂ ಕಚ್ಚುದೇ.”

ಅವಳ ವಿದ್ಯೆಯಲ್ಲಿ ಹಗ್ಗವಿಲ್ಲ, ಬೆತ್ತವಿಲ್ಲ, ಬಾಯಿಮಾತೂ ಇಲ್ಲ. ಸೆರಗಿನಲ್ಲಿ ಒಣಮೀನಿನ ಚೂರು ಕಟ್ಟಿಕೊಂಡು ಗುಡ್ಡೆಯಲ್ಲಿ ನಡೆಯುವುದು. ನಾಯಿ ಮುಂದೆ ಓಡಿದರೆ ತಾನು ಬೆನ್ನು ತಿರುಗಿಸುವುದು. ತಾನು ನಿಂತಾಗ ಅದೂ ನಿಂತರೆ ಮೀನು. ಜಾಗದ ಗಡಿಗೆ ತೋಡಿದ ಕಂದಕದಂಥ ಅಗಳಿನ ಅಂಚಿನಲ್ಲಿ ಹೀಗೆ ದಿನಾ ನಿಂತು ಹಿಂದಿರುಗಿದರೆ ನಾಯಿಗೆ ತನ್ನ ಜಾಗ ಯಾವುದೆಂದು ತಿಳಿಯುತ್ತಿತ್ತು. ಅವಳದೇ ನಾಯಿ ಬೊಳ್ಳ ಹಂದಿಯನ್ನು ಅಟ್ಟಿಕೊಂಡು ಹೋದರೂ ಅಗಳಿನ ಬಳಿ ಗಕ್ಕನೆ ನಿಲ್ಲುತ್ತಿತ್ತು.

ಈ ವರ್ಷ ಮನೆ ಪಾಲಾಯಿತು. ಜೆಸಿಬಿ ಬಂದು ಗುಡ್ಡೆಯ ನಡುವೆಯೇ ಹೊಸ ಅಗಳು ತೋಡಿತು. ಚೆನ್ನು ನೀರು ಹೊತ್ತು ಬೆಳೆಸಿದ ಗೇರುಮರಗಳೆಲ್ಲ ತಮ್ಮ ದುಗ್ಗಪ್ಪನ ಕಡೆಗೆ ಹೋದವು. ಒಂದು ಕೊಡ ನೀರನ್ನೂ ಹೊರದ ಮಹಾನುಭಾವ ಅಲ್ಲಿ ಆಡಿನ ಗೂಡು ಕಟ್ಟಿದ. ಬೊಳ್ಳನಿಗೆ ಪಾಲು ಪಂಚಾತಿಕೆ ಎಲ್ಲಿ ಗೊತ್ತು? ಅದು ಹೊಸ ಅಗಳು ಹಾರಿ ಹಳೆಯ ಗಡಿಯವರೆಗೂ ಹೋಗಿ ಬರುತ್ತಿತ್ತು.

“ಆದಿತ್ಯವಾರದಿಂದ ನಿನ್ನ ನಾಯಿ ಇತ್ತ ಬಂದ್ರೆ ಅನ್ನದಲ್ಲಿ ವಿಷ ಉಂಟು,” ಎಂದ ದುಗ್ಗಪ್ಪ. “ಮತ್ತೆ ಹೇಳಿಲ್ಲ ಅಂತ ಬೇಡ.”

“ನೀನೇ ಬಡಿಸಿಕೊಂಡು ತಿನ್ನು,” ಎಂದಳು ಚೆನ್ನು. ಆದರೆ ಅವನು ಹೇಳಿದ್ದನ್ನು ಮಾಡುವವನೇ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಅದು ಗೊತ್ತಿರದೆ ಇರುತ್ತದೆಯೇ?

ಮರುದಿನದಿಂದಲೇ ಪಾಠ ಶುರುವಾಯಿತು. ಹೊಸ ಅಗಳಿನ ಬಳಿ ಚೆನ್ನು “ನಿಲ್ಲು” ಎಂದು ಬಾಯಿಬಿಟ್ಟು ಹೇಳಿದಳು. ಬೊಳ್ಳ ಅಗಳು ದಾಟಿತು. ಮತ್ತೆ ಹೇಳಿದಳು, ಮತ್ತೆ ದಾಟಿತು. ಇಷ್ಟು ಮೊದ್ದು ನಾಯಿಯನ್ನು ಅವಳು ಕಂಡಿರಲಿಲ್ಲ. ಆಡಿನ ಗೂಡಿಗೆ ಒರಗಿ ದುಗ್ಗಪ್ಪ ನಗುತ್ತಿದ್ದ.

“ನಾಯಿಗಳ ಟೀಚರಮ್ಮ ಫೇಲಾ?”

ಶನಿವಾರ ಅವಳು ಹಟ್ಟಿಯ ಮೂಲೆಯಿಂದ ತುಕ್ಕು ಹಿಡಿದ ಸಂಕೋಲೆಯೊಂದನ್ನು ಹೆಕ್ಕಿ ತಂದಳು. ಅದೇನೆಂದೇ ಅರಿಯದ ಬೊಳ್ಳ ಮೂಸಿ ನೋಡಿ ಸುಮ್ಮನೆ ಕುತ್ತಿಗೆ ಕೊಟ್ಟಿತು. ಚೆನ್ನುವಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಆದರೂ ಬಿಗಿಯಾಗಿ ಹಿಡಿದು ಅಗಳಿನತ್ತ ನಡೆದಳು. “ನಿಲ್ಲು” ಎಂದು ಹೇಳಿ, ಎಳೆತಕ್ಕೆ ಕೈ ಗಟ್ಟಿ ಮಾಡಿಕೊಂಡು ಕಾದಳು. ಎಳೆತ ಬರಲಿಲ್ಲ. ಸಂಕೋಲೆ ಸಡಿಲವಾಗಿ ನೇತಾಡುತ್ತಿತ್ತು. ಬೊಳ್ಳ ಅವಳ ಪಕ್ಕದಲ್ಲೇ ನಿಂತು ಅವಳ ಕಾಲು ನೋಡುತ್ತಿತ್ತು. ಅವಳ ಬಲಗಾಲು ಆಗಲೇ ಗೇರುಮರಗಳತ್ತ ಅಗಳಿಗೆ ಇಳಿದಿತ್ತು.

ಇಷ್ಟು ದಿನವೂ ಬಾಯಿ ಒಂದು ಹೇಳುವಾಗ ಕಾಲು ಇನ್ನೊಂದು ಹೇಳುತ್ತಿತ್ತು. ತಾನೇ ಕಲಿಸಿದಂತೆ ನಾಯಿ ಕಾಲಿನ ಮಾತು ಕೇಳಿತ್ತು. ಅವಳು ಅಲ್ಲಿಯೇ ಸಂಕೋಲೆ ಬಿಚ್ಚಿದಳು.

ಆದಿತ್ಯವಾರ ಬೆಳಿಗ್ಗೆ ಸಂಕೋಲೆಯಿಲ್ಲದೆ ಬೊಳ್ಳನೊಂದಿಗೆ ಬಂದಾಗ ಅಗಳಿನಾಚೆ ತಟ್ಟೆಯಲ್ಲಿ ಮೀನುಸಾರು ಕಲಸಿದ ಅನ್ನವಿತ್ತು. ಪಕ್ಕದಲ್ಲಿ ದುಗ್ಗಪ್ಪ ಕುಕ್ಕರುಗಾಲಿನಲ್ಲಿ ಕೂತಿದ್ದ. ಅವನ ಬೆನ್ನ ಹಿಂದೆ ಗೇರು ಹೂ ಬಿಟ್ಟಿತ್ತು. ಚೆನ್ನು ಅಂಚಿಗೆ ಬಂದು ಎರಡೂ ಕಾಲು ಜೋಡಿಸಿ ಊರಿದಳು. ಆ ಮರಗಳು ಇನ್ನು ತನ್ನವಲ್ಲ ಎಂದು ಮೊದಲ ಬಾರಿಗೆ ಮನಸ್ಸಿಗೆ ಹೇಳಿಕೊಂಡಳು. ಬೊಳ್ಳನ ಮೂಗು ಅನ್ನದ ಕಡೆಗೆ ಅದುರಿತು, ಕಣ್ಣು ಅವಳ ಕಾಲ ಮೇಲಿತ್ತು. ಕೊನೆಗೆ ಅದು ಕುಳಿತಿತು.

ಅವಳು ಮೀನಿನ ಚೂರು ಕೊಟ್ಟು ತಿರುಗಿದಳು.

“ಅಂತೂ ನಾಯಿ ಕಲಿತಿತಲ್ಲ,” ಎಂದ ದುಗ್ಗಪ್ಪ.

“ಅದು ಮೊದಲೇ ಕಲಿತಿತ್ತು. ಆ ಅನ್ನ ಹೂತು ಹಾಕು, ಕಾಗೆ ತಿಂದೀತು.”

ತಮ್ಮನ ಜೊತೆ ಅವಳು ಆಡಿದ ಕೊನೆಯ ಮಾತು ಅದು. ಬೊಳ್ಳ ಅವಳ ಹಿಮ್ಮಡಿಯ ಹಿಂದೆಯೇ ಇಳಿದು ಬಂತು.