ಪೊರಕೆಯ ಮೇಲೆ ಬಂದ ಅಪವಾದ

ಮನೆಯಲ್ಲಿ ಏನು ಕಳೆದರೂ ಮೊದಲ ಅನುಮಾನ ಕಸ ಗುಡಿಸುವವಳ ಮೇಲೆ. ಕನ್ನಡಕ ಕಾಣದಿದ್ದರೆ ಅವಳೇ ಎಲ್ಲೋ ಎತ್ತಿಟ್ಟಿರುತ್ತಾಳೆ, ಬೀಗದಕೈ ಸಿಗದಿದ್ದರೆ ಅವಳೇ ಜಾಗ ಬದಲಾಯಿಸಿರುತ್ತಾಳೆ. ಸಿಕ್ಕಿದ ದಿನ ಮಾತ್ರ ಅದು ತಾನಾಗಿಯೇ ಸಿಕ್ಕಿರುತ್ತದೆ. ಸೀಟಕ್ಕನ ಮನೆಯಲ್ಲಿ ಕಳೆದದ್ದು ಒಂದು ಹಳೇ ಕಾರಿನ ತಗಡು. ರಸ್ತೆಯಲ್ಲಿ ಎಲ್ಲರಿಗೂ ಕಾಣುವ ನಂಬರ್ ಪ್ಲೇಟಲ್ಲ. ಬಾನೆಟ್ ಎತ್ತಿದರೆ ಒಳಗೋಡೆಯ ಮೇಲೆ ರಿವೆಟ್ ಮೊಳೆ ಹೊಡೆದು ಕೂರಿಸಿರುವ, ಕಾರು ಹುಟ್ಟಿದಾಗಲೇ ಕಾರ್ಖಾನೆಯವರು ಕೊಟ್ಟ ಗುರುತಿನ ನಂಬರಿರುವ ತಗಡು.

ಸೀಟಕ್ಕ ಎಂದರೆ ಕಾರು, ವ್ಯಾನುಗಳ ಸೀಟು ಹೊಲಿಯುವ ಹೆಂಗಸು. ಮದುವೆಯಾಗಿ ಈ ಮನೆಗೆ ಬಂದಾಗ ಅವಳಿಗೆ ಗುಂಡಿ ಹಾಕುವುದು ಬಿಟ್ಟರೆ ಹೊಲಿಗೆ ಗೊತ್ತಿರಲಿಲ್ಲ. ಗಂಡ ಮೆಕ್ಯಾನಿಕ್, ಮನೆಯ ಪಕ್ಕದ ಶೆಡ್ಡಿನಲ್ಲಿ ಕೆಲಸ. ಹರಿದ ಸೀಟಿನ ಕಾರುಗಳು ಅವನ ಕೈಯಲ್ಲಿ ರಿಪೇರಿಯಾಗಿ ಹರಿದ ಸೀಟಿನಲ್ಲೇ ವಾಪಸು ಹೋಗುತ್ತಿದ್ದವು. ಅದನ್ನು ನೋಡಿ ನೋಡಿ ಬೇಸತ್ತ ಅತ್ತೆ ಒಂದು ಬೆಳಿಗ್ಗೆ ತನ್ನ ಹೊಲಿಗೆ ಮೆಷಿನ್ನನ್ನು ಶೆಡ್ಡಿಗೆ ಹೊರಿಸಿ, ದಪ್ಪ ಸೂಜಿ ಹಾಕಿ, ಸೊಸೆಯನ್ನು ಅದರ ಮುಂದೆ ಕೂರಿಸಿದಳು. "ಒಲೆ ನಾನು ನೋಡ್ಕೋತೀನಿ. ನೀನು ಇದನ್ನ ನೋಡ್ಕೋ" ಎಂದಳು.

ಆ ಮಾತನ್ನು ಅತ್ತೆ ಉಳಿಸಿಕೊಂಡಳು. ಮಕ್ಕಳು ಸಣ್ಣವರಿದ್ದಾಗಲೂ, ತನಗೆ ಮಂಡಿ ನೋವು ಶುರುವಾದ ಮೇಲೂ, ಬೆಳಗಿನ ಅಡಿಗೆ ಅವಳದೇ. ಬಯ್ಯುತ್ತಲೇ ಮಾಡುತ್ತಿದ್ದಳು, ಆದರೆ ಮಾಡುತ್ತಿದ್ದಳು. ಸೀಟಕ್ಕನ ಕೈಗೆ ಬಂದ ಕಸುಬು, ಊರಿನವರು ಕೊಟ್ಟ ಆ ಹೆಸರು, ಎಲ್ಲ ಆ ಒಲೆಯ ಮುಂದೆ ನಿಂತ ಮುದುಕಿಯ ಕಾಲಿನ ಮೇಲೆ ನಿಂತಿತ್ತು. ಸೀಟಕ್ಕ ಅದನ್ನು ಬಲ್ಲಳು. ಹಾಗಾಗಿಯೇ ತಗಡಿನ ವಿಷಯದಲ್ಲಿ ಅತ್ತೆ ಏನೆಂದರೂ ತಿರುಗಿ ಮಾತಾಡಿದವಳಲ್ಲ.

ಗಂಡ ಕೊಂಡ ಆ ಕಾರು ಬಂದದ್ದು ಎಲ್ಲರೂ ಬೇಡವೆಂದು ಬಿಟ್ಟ ಸ್ಥಿತಿಯಲ್ಲಿ. ದುಂಡು ಮೈ, ಕಪ್ಪೆಗಣ್ಣಿನಂಥ ದೀಪ, ಅಲ್ಲಲ್ಲಿ ಸಿಪ್ಪೆಯೆದ್ದ ಹಸಿರು ಬಣ್ಣ. ಗಂಡ ಅದನ್ನು ಇದ್ದಬದ್ದ ಸ್ಕ್ರೂ ಸಮೇತ ಬಿಚ್ಚಿ ಹರಡಿದ. ಬಿಡುವಾದಾಗಲೆಲ್ಲ ಕೂತು ನೀಲಿ ಬಣ್ಣ ಹೊಡೆದು ಮತ್ತೆ ಜೋಡಿಸಿದ. ಸೀಟು, ಬಾಗಿಲಿನ ಒಳಗವಸು, ಚಾವಣಿಯ ಬಟ್ಟೆ ಎಲ್ಲ ಇವಳ ಹೊಲಿಗೆ. ನೋಡಿದವರು "ಭಲೇ, ನಿನ್ನ ಕಾರು ಮದುವಣಗಿತ್ತಿ ಇದ್ದ ಹಾಗಿದೆ" ಎಂದು ಅವನ ಬೆನ್ನು ತಟ್ಟಿ, ಅವಳು ತಂದಿಟ್ಟ ಚಹಾ ಕುಡಿದು ಹೋಗುತ್ತಿದ್ದರು.

ಎಲ್ಲ ಜೋಡಿಸಿದ ಮೇಲೆ, ಗುರುತಿನ ತಗಡು ಇರಬೇಕಾದ ಜಾಗ ಖಾಲಿ ಇರುವುದು ಕಂಡಿತು. ಶೆಡ್ಡನ್ನು ತಲೆಕೆಳಗು ಮಾಡಿದರೂ ಸಿಗಲಿಲ್ಲ. ಅದನ್ನು ಬಿಚ್ಚಿದ್ದು ಯಾರು ಎಂದು ಯಾರೂ ಕೇಳಲಿಲ್ಲ; ಶೆಡ್ಡು ಗುಡಿಸುತ್ತಿದ್ದುದು ಯಾರು ಎಂದು ಎಲ್ಲರಿಗೂ ಗೊತ್ತಿತ್ತು.

"ಇವಳ ಪೊರಕೆಗೆ ಕಣ್ಣಿಲ್ಲ" ಎಂದು ಅತ್ತೆ ಬೇಕರಿಯವಳಿಗೆ ಹೇಳಿದಳು. ಬೇಕರಿಯವಳು ಇಸ್ತ್ರಿಯವನಿಗೆ ಹೇಳಿದಳು. ಬೀದಿಯಲ್ಲಿ ಯಾರದೇ ಏನೇ ಕಾಣೆಯಾಗಲಿ, "ಸೀಟಕ್ಕನ ಪೊರಕೇನ ಕೇಳಿ" ಎನ್ನುವುದು ಮಾತಾಯಿತು. ಸೀಟಕ್ಕನೂ ನಕ್ಕಳು. ಆದರೆ ಕಸದ ಗುಂಡಿಯನ್ನು ಕೈಯಲ್ಲಿ ಕೆದಕಿ ಹುಡುಕಿದ ಆ ಸಂಜೆ ಅವಳ ಮನಸ್ಸಿನಿಂದ ಹೋಗಲಿಲ್ಲ. ಗಂಡನೂ ಪಕ್ಕದಲ್ಲಿ ಕೂತು ಕೆದಕಿದ್ದ. ಅವಳನ್ನು ಬಯ್ದಿರಲಿಲ್ಲ. ಹೇಳಿದವರ ಬಾಯಿಗೆ ತಡೆ ಹಾಕಲೂ ಇಲ್ಲ. ಅಂದಿನಿಂದ ಅವಳು ಗುಡಿಸಿದ ಕಸವನ್ನು ಮೊರಕ್ಕೆ ತುಂಬಿ, ಬೆರಳಾಡಿಸಿ, ಆಮೇಲೆ ಎಸೆಯುತ್ತಿದ್ದಳು. ಒಂದು ಸೂಜಿಯೂ ಈ ಮನೆಯಿಂದ ಕಸದ ಜೊತೆ ಹೋಗಲಿಲ್ಲ.

ಕೆಲವು ವರ್ಷ ಕಳೆದು ಗಂಡ ಹೃದಯ ನಿಂತು ತೀರಿಕೊಂಡ. ಶೆಡ್ಡಿನಲ್ಲಿ ಈಗ ಮೆಷಿನ್ನಿನ ಸದ್ದು ಮಾತ್ರ. ಅವನಿದ್ದಾಗಲೇ ಕಾರು ಓಡಿಸಲು ಕಲಿತಿದ್ದ ಸೀಟಕ್ಕ, ಹೊಲಿದ ಸೀಟುಗಳನ್ನು ಅದರಲ್ಲೇ ಹೇರಿಕೊಂಡು ಗಿರಾಕಿಗಳಿಗೆ ಮುಟ್ಟಿಸುತ್ತಿದ್ದಳು. ಅತ್ತೆಯನ್ನು ಮಂಡಿಯ ಡಾಕ್ಟರ ಹತ್ತಿರ ಕರೆದೊಯ್ಯುವುದೂ ಅದರಲ್ಲೇ. ಕಾರನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕೆಂದು ವಾಹನ ತಪಾಸಣೆಯ ಕಚೇರಿಗೆ ಹೋದಾಗ, ಅಲ್ಲಿಯ ಇನ್ಸ್‌ಪೆಕ್ಟರು ಬಾನೆಟ್ ಎತ್ತಿ ನೋಡಿ ತಲೆ ಕೆರೆದುಕೊಂಡ.

"ತಗಡಿಲ್ಲವಲ್ಲಮ್ಮ. ಇದು ಕಾಗದದಲ್ಲಿರೋ ಕಾರೇ ಅಂತ ನಾನು ಹೇಗೆ ಹೇಳಲಿ?"

"ಬೇರೆ ದಾರಿ ಇಲ್ವಾ ಸರ್?"

"ಇದೆ. ಕೆಳಗಡೆ, ಬಲಗಡೆ ಮುಂದಿನ ಚಕ್ರದ ಹತ್ತಿರ, ಕಾರಿನ ಅಡಿಗಟ್ಟು, ಚಾಸಿ ಅಂತೀವಲ್ಲ, ಆ ಕಬ್ಬಿಣದ ಮೇಲೇ ಅದೇ ನಂಬರು ಒತ್ತಿರ್ತಾರೆ. ಅದನ್ನ ತೋರಿಸಿ, ಸಾಕು. ಆದ್ರೆ ಕಬ್ಬಿಣ ಉಜ್ಜಿ ಗಾಯ ಮಾಡ್ಕೊಂಡು ಬರಬೇಡಿ. ಗೀರು ಬಿದ್ದಿದ್ರೆ ನಂಬರು ತಿದ್ದಿದಾರೆ ಅಂತ ಬರೀಬೇಕಾಗುತ್ತೆ. ಬರೆದ್ರೆ ಮತ್ತೆ ಈ ಕಾರು ರಸ್ತೆಗಿಳಿಯಲ್ಲ."

ಮನೆಗೆ ಬಂದರೆ ಮೈದುನ ಕಾದು ಕೂತಿದ್ದ. ಬಿಡಿಭಾಗಗಳ ಅಂಗಡಿ ಇಟ್ಟವನು, ಕೆಟ್ಟವನಲ್ಲ, ಆತುರಗಾರ. "ಯಾಕೆ ಅತ್ತಿಗೆ ತಲೆನೋವು? ಬಿಡಿಬಿಡಿಯಾಗಿ ತಗೊಳ್ಳೋರು ಇದಾರೆ. ದೀಪ, ಬಾಗಿಲು, ನಿಮ್ಮ ಸೀಟು, ಎಲ್ಲಕ್ಕೂ ಗಿರಾಕಿ ಇದೆ."

ಸೀಟಕ್ಕ ಕಾರಿನತ್ತ ನೋಡಿದಳು. ತನ್ನ ಕಾರನ್ನು ಕೋಳಿ ಕತ್ತರಿಸಿದಂತೆ ಕಾಲೊಂದು ಕಡೆ, ತೊಡೆಯೊಂದು ಕಡೆ ಹಂಚುವುದು. ಅದೂ ತನ್ನ ಪೊರಕೆಯ ತಪ್ಪಿಗೆ.

ಮರುದಿನ ಅವಳು, ಕಬ್ಬಿಣಕ್ಕೆ ಗೀರು ಬಿದ್ದೀತೆಂಬ ಹೆದರಿಕೆಗೆ, ಯಾರಿಗೂ ಹೇಳದೆ, ಬಾಗಿಲಿಗೆ ಹಾಕುವ ಹೆಸರಿನ ಬೋರ್ಡು ಕೆತ್ತುವವನ ಅಂಗಡಿಗೆ ಹೋದಳು. ಕಾಗದದಲ್ಲಿರುವ ನಂಬರನ್ನೇ ಒಂದು ತಗಡಿನ ಮೇಲೆ ಒತ್ತಿಕೊಡಲು ಕೇಳಿದಳು. ಅವನು ಕಾಗದವನ್ನೂ ಅವಳ ಮುಖವನ್ನೂ ನೋಡಿದ.

"ಮಾಡೋಕೆ ಬರುತ್ತಕ್ಕ. ಹಳೇದು ಅನ್ನೋ ಹಾಗೂ ಮಾಡಬಹುದು. ಆದ್ರೆ ನಾಳೆ ಸಿಕ್ಕಿಹಾಕಿಕೊಂಡ್ರೆ ಕಾರು ನಿಜವಾದ್ದೇ ಆಗಿದ್ರೂ ಕಳ್ಳಮಾಲು ಆಗುತ್ತೆ. ನೀವು ಯಾಕೆ ಕಳ್ಳಿ ಆಗ್ತೀರಿ? ಆಫೀಸಿನವರು ಹೂಂ ಅಂದಮೇಲೆ ಬನ್ನಿ, ನಾನೇ ಕೈಯಾರೆ ಕೆತ್ತಿಕೊಡ್ತೀನಿ." ಇಷ್ಟು ಹೇಳಿ, ನಾಚಿ ತಲೆತಗ್ಗಿಸಿ ನಿಂತವಳಿಗೆ ಸ್ಟೂಲು ಎಳೆದುಕೊಟ್ಟು ನೀರು ಕೊಟ್ಟ. ಆ ಒಂದು ಲೋಟ ನೀರನ್ನು ಸೀಟಕ್ಕ ಇಂದಿಗೂ ನೆನೆಯುತ್ತಾಳೆ. ಬೇಡ ಎನ್ನುವುದನ್ನೂ ಮರ್ಯಾದೆಯಿಂದ ಹೇಳಬಹುದು ಎಂದು ಅವಳಿಗೆ ಗೊತ್ತಾದದ್ದು ಅಲ್ಲಿ.

ಇನ್ನು ಉಳಿದದ್ದು ಕಾರಿನ ಕೆಳಗೆ ಹೋಗುವುದು. ಅಲ್ಲೊಂದು ತೊಡಕಿತ್ತು. ತುಕ್ಕು ಹಿಡಿಯದಿರಲೆಂದು ಚಾಸಿಗೆ ಡಾಂಬರಿನಂಥ ಕಪ್ಪು ಲೇಪ ಬಳಿಯುತ್ತಾರೆ. ಒಂದು ಸಲ ಬಳಿದರೆ ಸಾಕೆಂದು ಗಂಡ ಹೇಳಿದ್ದ. ನೆಲ ಒರೆಸಿದರೂ ಮೂಲೆ ಬಿಡದ ಸೀಟಕ್ಕ ಅದನ್ನು ವರ್ಷವರ್ಷವೂ ಬಳಿದಿದ್ದಳು. ಬ್ರಷ್ ಹೋಗದ ಕಡೆ ಬಟ್ಟೆ ಸುತ್ತಿದ ಬೆರಳು ತೂರಿಸಿ ಬಳಿದಿದ್ದಳು. ಈಗ ಆ ಕಬ್ಬಿಣದ ಮೇಲೆ ಲೇಪ ದೋಸೆಕಲ್ಲಿನ ಜಿಡ್ಡಿನಂತೆ ಪದರಪದರವಾಗಿ ಕೂತಿತ್ತು. ಯಾರೂ ನೋಡದ ಕೆಲಸವನ್ನು ಅಷ್ಟು ಚೆನ್ನಾಗಿ ಮಾಡಿದ್ದೇ ಅವಳಿಗೆ ಮುಳುವಾಗಿತ್ತು.

ಮೈದುನ ಗ್ರೈಂಡಿಂಗ್ ಮೆಷಿನ್ ಹಿಡಿದುಕೊಂಡೇ ಬಂದ. "ಅತ್ತಿಗೆ, ಸ್ವಲ್ಪ ಸರೀರಿ. ಚಿಟಿಕೆ ಹೊಡೆಯೋದರಲ್ಲಿ ಮುಗಿಸ್ತೀನಿ."

"ಅದು ತಿರುಗಿದ್ರೆ ಲೇಪ ಮಾತ್ರ ಹೋಗುತ್ತೋ, ನಂಬರೂ ಹೋಗುತ್ತೋ?"

"ಹುಷಾರಾಗಿ ಹಿಡೀತೀನಿ."

"ನೀನು ಹುಷಾರಾಗೇ ಹಿಡೀತೀಯಪ್ಪ. ಅದೂ ಹುಷಾರಾಗಿರಬೇಕಲ್ಲ." ಹೇಳುತ್ತಲೇ ಸೀಟಕ್ಕ ಗೋಣಿಚೀಲ ಹಾಸಿ ಕಾರಿನ ಕೆಳಗೆ ತೂರಿಕೊಂಡಳು. ಮೈದುನನಿಗೆ ಅವಳ ಪಾದಗಳಷ್ಟೇ ಕಾಣುತ್ತಿದ್ದವು. ಮದುವೆಯಾಗಿ ಬಂದಾಗಿನಿಂದ ಯಾರಿಗೂ ಎದುರಾಡದ ಅತ್ತಿಗೆ ಹೀಗೆ ಅಡ್ಡ ಮಲಗಿಬಿಟ್ಟರೆ ಅವನು ಏನು ಮಾಡಬೇಕು?

ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಅತ್ತೆ ಬಾಯಿ ಬಿಟ್ಟಳು. "ಮೆಷಿನ್ ಕೆಳಗಿಡೋ. ತಳ ಹಿಡಿದ ಪಾತ್ರೆನ ಯಾರಾದ್ರೂ ಉಳಿ ತಗೊಂಡು ಕೆತ್ತಿದ್ದು ನೋಡಿದೀಯಾ? ನೀನೆಲ್ಲಿ ನೋಡ್ತೀಯ, ಒಂದು ದಿನ ಪಾತ್ರೆ ತೊಳೆದಿದ್ರೆ ತಾನೇ." ಮತ್ತೆ ಕಾರಿನ ಕೆಳಕ್ಕೆ ಕೂಗಿದಳು. "ನೆನೆ ಹಾಕೇ. ಉಜ್ಜಬೇಡ, ನೆನೆ ಹಾಕು."

ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಸೀಟಕ್ಕ ಆ ಜಾಗಕ್ಕೆ ಸುತ್ತಿ, ಸೀಟಿನ ದಾರದಲ್ಲಿ ಬಿಗಿದು ಕಟ್ಟಿದಳು. ಹೊರಗೆ ಬಂದು, ಒಂದು ಸೀಟಿನ ಅಂಚು ಹೊಲಿದು ಮುಗಿಸಿ, ಮತ್ತೆ ಕೆಳಗೆ ಹೋದಳು. ಲೇಪ ಹದವಾಗಿ ಮೆತ್ತಗಾಗಿತ್ತು. ಮುರಿದ ಬಾಚಣಿಗೆಯ ಬೆನ್ನಿನಿಂದ ನವಿರಾಗಿ ತಳ್ಳಿದರೆ ಕೆನೆಯ ಹಾಗೆ ಮಡಿಸಿಕೊಂಡು ಬಂತು. ಕೆಳಗೆ ಇನ್ನೊಂದು ಪದರ. ಮತ್ತೆ ಬಟ್ಟೆ, ಮತ್ತೆ ಕಾಯುವುದು. ಅತ್ತೆ ಕುರ್ಚಿ ಬಿಟ್ಟು ಏಳಲಿಲ್ಲ. ಮೈದುನ ಅಂಗಡಿಗೆ ಹೋಗುವುದನ್ನು ಬಿಟ್ಟು, ಹೇಳಿಸಿಕೊಳ್ಳದೆ, ಮೂವರಿಗೂ ಚಹಾ ಮಾಡಿ ತಂದ. ಸಕ್ಕರೆ ಜಾಸ್ತಿಯಾಗಿತ್ತು, ಯಾರೂ ಹೇಳಲಿಲ್ಲ.

ಕೊನೆಗೆ ಬೂದು ಬಣ್ಣದ ಕಬ್ಬಿಣ ಕಂಡಿತು. ನುಣ್ಣಗೆ, ಏನೂ ಇಲ್ಲದೆ. ಸೀಟಕ್ಕ ಬೆರಳ ತುದಿಯಿಂದ ಸವರಿದಳು. ಸ್ವಲ್ಪ ಪಕ್ಕಕ್ಕೆ ಉಗುರಿಗೆ ಏನೋ ತಡೆಯಿತು. ಅಲ್ಲಿಯ ಕಪ್ಪನ್ನು ಒರೆಸಿ ಟಾರ್ಚ್ ಹಿಡಿದಳು.

"ಏನಾದ್ರೂ ಕಂಡಿತೇನೇ?"

"ಎಂಟು ಕಂಡಿತು ಅತ್ತೆ."

"ಎಂಟೋ ಮೂರೋ ಸರಿಯಾಗಿ ನೋಡು."

"ಎಂಟೇ. ಪಕ್ಕದಲ್ಲಿ ಒಂದು... ಆಮೇಲೆ ಇನ್ನೊಂದು ಎಂಟು..." ಮುಂದಿನದು ಓದಲಾಗಲಿಲ್ಲ. ಅಂಕಿ ಸ್ಪಷ್ಟವಾಗಿಯೇ ಇತ್ತು. ಕಣ್ಣಿಗೆ ಸೀಮೆಎಣ್ಣೆ ಹೋಯಿತೆಂದು ಅವಳು ಅತ್ತೆಗೆ ಹೇಳಿದಳು.

ಕಚೇರಿಯ ಅಂಗಳಕ್ಕೆ ಹೋದ ದಿನ ಅತ್ತೆಯೂ ಹಟ ಹಿಡಿದು ಬಂದಳು. ಇನ್ಸ್‌ಪೆಕ್ಟರು ಇಸ್ತ್ರಿ ಮಾಡಿದ ಶರ್ಟನ್ನು ಲೆಕ್ಕಿಸದೆ ಚಕ್ರದ ಪಕ್ಕ ಮಲಗಿ, ನಂಬರನ್ನು ಒಂದೊಂದಾಗಿ ಜೋರಾಗಿ ಓದಿದ. ಸೀಟಕ್ಕ ಕಾಗದ ನೋಡಿಕೊಂಡು ಹೂಂಗುಟ್ಟಿದಳು. ಒಂದೂ ತಪ್ಪಲಿಲ್ಲ. "ಒಂದು ಗೀರೂ ಇಲ್ಲ. ಯಾರು ತೆಗೆದದ್ದು?" ಎಂದು ಎದ್ದು ಬೆನ್ನು ಕೊಡವಿಕೊಂಡ.

"ನಾನೇ ಸರ್."

"ಒಳ್ಳೇದಾಯ್ತು. ನಿಮ್ಮ ಹೆಸರಿಗೆ ಮಾಡ್ತೀನಿ. ಹೊಸ ತಗಡಿಗೂ ಒಪ್ಪಿಗೆ ಕೊಡ್ತೀನಿ. ಹಳೇದು ಹೇಗೆ ಕಳೀತು ಅಂತ ಒಂದು ಸಾಲು ಬರೀಬೇಕು."

ಸೀಟಕ್ಕ ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದಳು. "ಇವಳು ಗುಡಿಸಿ ಎಸೆದುಬಿಟ್ಳು."

ಸೀಟಕ್ಕ ನೆಲ ನೋಡಿದಳು. ಬೀದಿಯ ಬಾಯಲ್ಲಿದ್ದ ಮಾತು ಇನ್ನು ಕಚೇರಿಯ ಕಾಗದಕ್ಕೂ ಏರುತ್ತದೆ.

ಇನ್ಸ್‌ಪೆಕ್ಟರು ಬರೆಯಲಿಲ್ಲ. ಬಾನೆಟ್ ಎತ್ತಿ, ಆ ಖಾಲಿ ಜಾಗಕ್ಕೆ ಮುಖ ತಂದು, ಸಿಪ್ಪೆಯೆದ್ದಿದ್ದ ಬಣ್ಣವನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿದ. "ನೀವು ಹೊಡೆದದ್ದು ನೀಲಿ ಅಲ್ವಾ? ನಿಮ್ಮ ಹತ್ರ ಬಂದಾಗ ಯಾವ ಬಣ್ಣ ಇತ್ತು?"

"ಹಸಿರು."

"ಇಲ್ಲಿ ನೋಡಿ. ತಗಡಿನ ರಿವೆಟ್ ಕೂರೋ ತೂತುಗಳು. ಬೆಸುಗೆ ಹಾಕಿ ಮುಚ್ಚಿದಾರೆ. ಮುಚ್ಚಿದ್ದರ ಮೇಲೆ ಹಸಿರು, ಹಸಿರಿನ ಮೇಲೆ ನಿಮ್ಮ ನೀಲಿ. ಈ ಕಾರು ನಿಮ್ಮ ಮನೆಗೆ ಬರೋ ಹೊತ್ತಿಗೇ ತಗಡು ಇರಲಿಲ್ಲಮ್ಮ. ಇಲ್ಲದ್ದನ್ನ ಯಾರು ಗುಡಿಸೋಕಾಗುತ್ತೆ?" ಅವನು ಅದನ್ನೇ ಬರೆದು, ಸಹಿ ಹಾಕಿ, ಮುಂದಿನ ಗಾಡಿಯತ್ತ ನಡೆದ. ತಾನು ಏನು ಕೊಟ್ಟೆನೆಂಬುದು ಅವನಿಗೆ ತಿಳಿದಿರಲಿಕ್ಕಿಲ್ಲ. ಸೀಟಕ್ಕ ಅವನ ಬೆನ್ನಿಗೆ ಕೈ ಮುಗಿದಳು.

ಹಸಿರಿನ ಮೇಲೆ ನೀಲಿ ಬಳಿದ ಗಂಡನಿಗೆ ಆ ಮುಚ್ಚಿದ ತೂತುಗಳು ಕಂಡಿರಲಿಲ್ಲವೋ, ಕಂಡೂ ಸುಮ್ಮನಿದ್ದನೋ? ಕಸದ ಗುಂಡಿಯ ಪಕ್ಕ ಕೂತಿದ್ದ ಅವನ ಮುಖ ನೆನೆದು, ಕಂಡಿರಲಿಲ್ಲ ಎಂದೇ ಸೀಟಕ್ಕ ತೀರ್ಮಾನಿಸಿದಳು. ಸತ್ತವನಿಗೆ ಅಷ್ಟಾದರೂ ಬಿಟ್ಟುಕೊಡೋಣವೆಂದು.

ವಾಪಸು ಬರುವಾಗ ಅತ್ತೆ ಮುಂದಿನ ಸೀಟಿನಲ್ಲಿ ಕೂತಿದ್ದಳು. ಬೀದಿಯ ತಿರುವು ಬಂತು.

"ಬಲಕ್ಕೆ ತಿರುಗಿಸು."

"ಮನೆ ಎಡಕ್ಕೆ ಅತ್ತೆ."

"ನನ್ನ ಮನೆ ಎಲ್ಲಿ ಅಂತ ನನಗೆ ಗೊತ್ತಿಲ್ವಾ? ಬೇಕರಿ ಮುಂದೆ ನಿಲ್ಲಿಸು."

ಕಾರು ನಿಂತಿತು. ಅತ್ತೆ ಕಿಟಕಿಯ ಗಾಜು ಇಳಿಸಿ, ಬೇಕರಿಯವಳನ್ನು ಕೈಸನ್ನೆ ಮಾಡಿ ಕರೆದಳು. ಅವಳು ಕೈಯ ಹಿಟ್ಟು ಒರೆಸಿಕೊಳ್ಳುತ್ತ ಬಂದಳು.

"ನೋಡು, ಆ ತಗಡು ಇವಳು ಗುಡಿಸಿದ್ದಲ್ಲ. ನಮ್ಮನೆಗೆ ಬರೋಕೆ ಮುಂಚೇನೇ ಇರಲಿಲ್ಲ. ಆಫೀಸರೇ ಬರೆದುಕೊಟ್ರು."

"ಯಾವ ತಗಡು ಅಜ್ಜಿ?"

"ಇವಳ ಪೊರಕೆಗೆ ಕಣ್ಣಿಲ್ಲ ಅಂತ ನಿನಗೆ ಹೇಳಿದ್ನಲ್ಲ?"

"ಹೂಂ, ಹೇಳಿದ್ರಿ."

"ಕಣ್ಣಿಲ್ಲದೆ ಇದ್ದದ್ದು ನನಗೆ. ಅದನ್ನೂ ಹೇಳು, ಅವತ್ತು ಹೇಳಿದ ಹಾಗೇನೇ ಎಲ್ಲರಿಗೂ ಹೇಳು." ಗಾಜು ಏರಿಸಿದಳು. ಸೊಸೆಯ ಕಡೆ ತಿರುಗಲಿಲ್ಲ. "ಇಸ್ತ್ರಿಯವನ ಹತ್ರ ನಡಿ. ಆಮೇಲೆ ಕೊನೇ ಮನೆ. ನಡುವಿನ ಮನೆಯವರು ಊರಲ್ಲಿದಾರೋ ಇಲ್ವೋ, ಇದ್ರೆ ಅವರಿಗೂ."

"ಅತ್ತೆ, ಬಿಡಿ. ಹೊಟ್ಟೆ ಹಸಿದಿರುತ್ತೆ ನಿಮಗೆ."

"ನಿನ್ನ ಮೈದುನ ಇದಾನಲ್ಲ ಮನೇಲಿ, ಅನ್ನಕ್ಕೆ ಇಡ್ತಾನೆ. ನೀನು ಗಾಡಿ ಬಿಡು."

ಸೀಟಕ್ಕನಿಗೆ ರಸ್ತೆ ಮಂಜುಮಂಜಾಗಿ ಕಂಡಿತು. ಸೆರಗಿನಿಂದ ಕಣ್ಣೊರೆಸಿಕೊಂಡು, ಗೇರು ಹಾಕಿ, ಇಸ್ತ್ರಿಯವನ ಅಂಗಡಿಯ ಕಡೆಗೆ ನಿಧಾನವಾಗಿ ಕಾರು ಬಿಟ್ಟಳು.